ಧಾರವಾಡದಿಂದ ಆಖೆನ್‌ಗೆ: ಮೊದಲ ಸೆಮಿಸ್ಟರ್‌ನಲ್ಲಿ ನೆಲೆಯೂರಿದ ಬಗೆ

ಜರ್ಮನಿಗೆ ಓದಲು ಹೊರಡುವ ನಮ್ಮ ಕಡೆಯ ವಿದ್ಯಾರ್ಥಿಗಳು ಮೊದಲು ಹಣದ ಬಗ್ಗೆ ಕೇಳುತ್ತಾರೆ, ಆಮೇಲೆ ಊಟದ ಬಗ್ಗೆ. ಎರಡೂ ಮುಖ್ಯವೇ. ಆದರೆ ಅಲ್ಲಿ ಕಾಲಿಟ್ಟ ಮೇಲೆ ಎಲ್ಲ ಕೆಲಸಗಳೂ ತೂಗುಬಿದ್ದಿರುವುದು ವಿಳಾಸದ ಮೇಲೆ ಎಂಬುದು ನನ್ನ ಅನುಭವ.

ನಾನು ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ, 2023ರ ಚಳಿಗಾಲದ ಸೆಮಿಸ್ಟರ್‌ಗೆ ಆಖೆನ್ ನಗರಕ್ಕೆ ಹೋದೆ. ಬೆಳಗಾವಿಯ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಸೆಮಿಸ್ಟರ್‌ಗಳ ಅಂಕಗಳ ಅಧಿಕೃತ ಪಟ್ಟಿ) ಪಡೆಯುವುದು, ಭಾರತೀಯ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಕಡ್ಡಾಯವಾದ ಎಪಿಎಸ್ ಪ್ರಮಾಣಪತ್ರ (ನಮ್ಮ ಓದಿನ ದಾಖಲೆಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರ) ತರಿಸಿಕೊಳ್ಳುವುದು, ಬೆಂಗಳೂರಿಗೆ ಹೋಗಿ ವೀಸಾ ಅರ್ಜಿ ಕೊಡುವುದು ಸಮಯ ಹಿಡಿಯುವ ಕೆಲಸಗಳಾದರೂ ದಾರಿ ಸ್ಪಷ್ಟವಾಗಿತ್ತು. ವೀಸಾಕ್ಕೆ ತೋರಿಸಬೇಕಾದ ಬ್ಲಾಕ್ಡ್ ಅಕೌಂಟಿನ, ಅಂದರೆ ಅಲ್ಲಿನ ಖರ್ಚಿಗೆಂದು ಮೊದಲೇ ಹಣ ಕಟ್ಟಿಡುವ ಖಾತೆಯ, ಮೊತ್ತ ಆಗ ವರ್ಷಕ್ಕೆ 11,208 ಯೂರೋ ಇತ್ತು. 2024ರ ಸೆಪ್ಟೆಂಬರ್‌ನಿಂದ ಅದು 11,904 ಆಗಿದೆ. ಧಾರವಾಡದ ಬ್ಯಾಂಕಿನಲ್ಲಿ ಮಾಡಿದ ಶಿಕ್ಷಣ ಸಾಲದಿಂದಲೇ ಅದನ್ನು ತುಂಬಿದ್ದೆವು. ಈ ಹಣ ಒಮ್ಮೆಲೇ ಕೈಗೆ ಬರುವುದಿಲ್ಲ; ತಿಂಗಳಿಗೆ ಇಷ್ಟು ಎಂದು, ಅಲ್ಲಿನ ಬ್ಯಾಂಕ್ ಖಾತೆಗೆ ಬರುತ್ತದೆ. ಆದ್ದರಿಂದ ಮೊದಲ ಕೆಲವು ವಾರಗಳ ಖರ್ಚಿಗೂ ಕೋಣೆಯ ಮುಂಗಡಕ್ಕೂ ಬೇರೆ ಹಣ ಇಟ್ಟುಕೊಂಡೇ ಹೊರಡಬೇಕು.

ಇನ್ನು ವಿಳಾಸದ ಮಾತು. ಮನೆ ಸೇರಿದ ಎರಡು ವಾರಗಳೊಳಗೆ ನಗರದ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಅದನ್ನು ಅಲ್ಲಿ ಅನ್ಮೆಲ್ಡುಂಗ್ ಎನ್ನುತ್ತಾರೆ. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ಬ್ಯಾಂಕ್ ಖಾತೆ, ತೆರಿಗೆ ಸಂಖ್ಯೆ, ವೀಸಾ ಮುಗಿಯುವ ಮೊದಲು ಪಡೆಯಬೇಕಾದ ವಾಸದ ಪರವಾನಗಿ, ಎಲ್ಲಕ್ಕೂ ಈ ನೋಂದಣಿಯ ಆಸರೆ ಬೇಕಾಗುತ್ತದೆ. ಅಲ್ಪಾವಧಿಗೆ ಕೋಣೆ ಕೊಡುವ ಕೆಲವರು ಈ ಪತ್ರ ಕೊಡಲು ಒಪ್ಪುವುದಿಲ್ಲ. ಹಾಗಾಗಿ ನಾನು ಬಾಡಿಗೆ ಎಷ್ಟು ಎಂದು ಕೇಳುವ ಮೊದಲೇ ಈ ವಿಳಾಸದಲ್ಲಿ ನೋಂದಣಿಗೆ ಪತ್ರ ಕೊಡುತ್ತೀರಾ ಎಂದು ಕೇಳುತ್ತಿದ್ದೆ, ಒಪ್ಪದವರ ಕೋಣೆ ಎಷ್ಟೇ ಅಗ್ಗವಾಗಿದ್ದರೂ ಬಿಡುತ್ತಿದ್ದೆ. ಪ್ರವೇಶದ ಖಾತ್ರಿಗಾಗಿ ಕಾಯದೆ, ಅರ್ಜಿ ಹಾಕಿದ ದಿನಗಳಲ್ಲೇ ವಿದ್ಯಾರ್ಥಿನಿಲಯದ ಕಾಯುವ ಪಟ್ಟಿಗೆ ಹೆಸರು ಕೊಟ್ಟಿದ್ದರಿಂದ ಕೊನೆಗೆ ಅಲ್ಲಿಯೇ ಕೋಣೆ ಸಿಕ್ಕಿತು.

ಕೋಣೆ ಸಿಕ್ಕ ದಿನವೇ ಅಂಚೆ ಪೆಟ್ಟಿಗೆಯ ಮೇಲೆ, ಪಾಸ್‌ಪೋರ್ಟಿನಲ್ಲಿದ್ದಂತೆಯೇ ಹೆಸರು ಬರೆದು ಅಂಟಿಸಬೇಕು. ಇದು ಸಣ್ಣ ವಿಷಯವೆನಿಸಬಹುದು, ಆದರೆ ಬ್ಯಾಂಕ್ ಕಾರ್ಡು, ಅದರ ಗುಪ್ತಸಂಖ್ಯೆ, ತೆರಿಗೆ ಸಂಖ್ಯೆ, ವಿಮೆಯ ಕಾಗದಗಳೆಲ್ಲ ಅಂಚೆಯಲ್ಲೇ ಬರುತ್ತವೆ, ಹೆಸರಿಲ್ಲದ ಪೆಟ್ಟಿಗೆಗೆ ಬಂದ ಪತ್ರ ಹಿಂದಿರುಗಿ ಹೋಗುತ್ತದೆ. ನೋಂದಣಿಯಾದ ಕೆಲ ದಿನಗಳಿಗೆ ಸಾರ್ವಜನಿಕ ರೇಡಿಯೋ ಮತ್ತು ಟಿವಿಯ ಶುಲ್ಕ ಕೇಳುವ ಪತ್ರವೂ ಬರುತ್ತದೆ. ಟಿವಿ ಇಲ್ಲದವರೂ ಅದನ್ನು ಕೊಡಬೇಕು: ಒಂದು ಮನೆಗೆ ತಿಂಗಳಿಗೆ 18.36 ಯೂರೋ. ಮೋಸದ ಪತ್ರವೆಂದು ತಿಳಿದು ಯಾರೂ ಅದನ್ನು ಹರಿದು ಹಾಕಬಾರದು. ಜೊತೆಗಾರರಿದ್ದರೆ ಹಂಚಿಕೊಂಡರಾಯಿತು.

ಊಟದ ವಿಷಯದಲ್ಲಿ ನನಗೆ ಹೆಚ್ಚು ಕಷ್ಟವಾಗಲಿಲ್ಲ. ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಚಳಿಗಾಲದ ಬಹುಭಾಗವನ್ನು ಸಾಗಿಸಿದವು. ಹೊರದೇಶದಿಂದ ಹಾಲು, ತುಪ್ಪ, ಮಾಂಸದ ಪದಾರ್ಥಗಳನ್ನು ಸಾಮಾನಿನಲ್ಲಿ ಒಯ್ಯಲು ಯುರೋಪಿಯನ್ ಒಕ್ಕೂಟದ ನಿರ್ಬಂಧವಿರುವುದರಿಂದ ಖೋವಾದ ಧಾರವಾಡ ಪೇಢೆಯನ್ನು ಮನೆಯಲ್ಲೇ ಬಿಟ್ಟುಹೋದೆ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಸಂತೆ ಮುಗಿಸಬೇಕಷ್ಟೆ.

ನಿಜವಾಗಿ ಹೊಸದಾಗಿ ಕಲಿಯಬೇಕಾಗಿ ಬಂದದ್ದು ಓದಿನ ಕ್ರಮವನ್ನು. ನಮ್ಮಲ್ಲಿ ಸೆಮಿಸ್ಟರ್ ನಡುವಿನ ಇಂಟರ್ನಲ್ ಪರೀಕ್ಷೆಗಳು ಓದನ್ನು ಎಳೆದುಕೊಂಡು ಹೋಗುತ್ತವೆ. ಅಲ್ಲಿ ಬಹುತೇಕ ವಿಷಯಗಳ ಇಡೀ ಅಂಕ ಕೊನೆಯ ಒಂದೇ ಪರೀಕ್ಷೆಯ ಮೇಲೆ ನಿಂತಿರುತ್ತದೆ. ಅಲ್ಲಿನ ಶ್ರೇಣಿಯ ಲೆಕ್ಕದಲ್ಲಿ 1.0 ಅತ್ಯುತ್ತಮ, 4.0 ತೇರ್ಗಡೆಯ ಕೊನೆಯ ಗಡಿ, 5.0 ಅನುತ್ತೀರ್ಣ. ಪರೀಕ್ಷೆಗೆ ನಿಗದಿತ ದಿನಾಂಕದೊಳಗೆ ನಾವೇ ಹೆಸರು ನೋಂದಾಯಿಸಬೇಕು. ಸಾಮಾನ್ಯವಾಗಿ ಮೂರು ಅವಕಾಶಗಳು, ಮೂರನೆಯದೂ ಕೈತಪ್ಪಿದರೆ ಆ ಕೋರ್ಸಿನಿಂದಲೇ ಹೊರಬೀಳಬೇಕಾಗಬಹುದು. ಆದ್ದರಿಂದ ಮೊದಲ ಸೆಮಿಸ್ಟರ್‌ನಲ್ಲಿ ನಾನು ವಿಷಯಗಳನ್ನು ಕಡಿಮೆ ಆರಿಸಿಕೊಂಡು, ಪ್ರತಿ ವಾರದ ಲೆಕ್ಕಗಳನ್ನು ಆ ವಾರವೇ ಬಿಡಿಸುವ ರೂಢಿ ಮಾಡಿಕೊಂಡೆ.

ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಸುಮಾರು ನಾಲ್ಕೂವರೆಗೆ. ಕತ್ತಲಾದೊಡನೆ ಮನಸ್ಸು ಮನೆಯತ್ತ ಎಳೆಯುತ್ತದೆ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಸಂಜೆ ಐದಕ್ಕೆ ಅವ್ವನಿಗೆ ಫೋನ್ ಮಾಡಿದರೆ ಧಾರವಾಡದಲ್ಲಿ ರಾತ್ರಿ ಒಂಬತ್ತೂವರೆ, ಊಟ ಮುಗಿದ ಹೊತ್ತು. ಆ ಮಾತು ಮುಗಿಸಿ ಕೋಣೆಗೆ ಹೋಗದೆ ನೇರವಾಗಿ ಗ್ರಂಥಾಲಯಕ್ಕೋ ಸಂಜೆಯ ಜರ್ಮನ್ ತರಗತಿಗೋ ಹೋಗುತ್ತಿದ್ದೆ. ಪಾಠವೆಲ್ಲ ಇಂಗ್ಲಿಷಿನಲ್ಲಿದ್ದರೂ ಕಚೇರಿಯ ಪತ್ರಗಳು ಜರ್ಮನ್‌ನಲ್ಲೇ ಬರುತ್ತವೆ. ಅವನ್ನು ಯಾರ ನೆರವೂ ಇಲ್ಲದೆ ಓದಿಕೊಳ್ಳುವಷ್ಟು ಭಾಷೆ ಬಂದಾಗ ಆ ಊರಿನಲ್ಲಿ ನನಗೆ ಧೈರ್ಯ ಬಂತು.