ಹಳೆಯ ಪೋಲೊ ಜಿಟಿ ತಗ್ಗಿಸುವ ಮುನ್ನ ಟೇಪು ಹಿಡಿದು ಅಳೆಯಿರಿ

2013ರಲ್ಲಿ ನಮ್ಮ ರಸ್ತೆಗೆ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಗೆಟಕುವ ಬೆಲೆಗೆ ಸಿಗುತ್ತದೆ. 1.2 ಲೀಟರ್ ಟರ್ಬೊ, 105 ಪಿಎಸ್, ಘಾಟಿ ರಸ್ತೆಯಲ್ಲಿ ಓಡಿಸಲು ಖುಷಿ ಕೊಡುವ ಕಾರು. ಕೊಂಡವರಲ್ಲಿ ಅನೇಕರು ಮೊದಲು ಮಾಡುವುದು ಕಾರನ್ನು ತಗ್ಗಿಸುವ ಕೆಲಸ, ಅಂದರೆ ಗಿಡ್ಡ ಸ್ಪ್ರಿಂಗ್ ಹಾಕಿ ಮೈಯನ್ನು ನೆಲಕ್ಕೆ ಹತ್ತಿರ ತರುವುದು. ಕೆಡುವುದೂ ಅಲ್ಲೇ. ಸ್ಪ್ರಿಂಗ್ ಮಾತ್ರ ಬದಲಿಸಿ ಹಳೇ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಂಡರೆ ಕೆಲವೇ ತಿಂಗಳಲ್ಲಿ ಶಾಕ್ ಸೋರುತ್ತದೆ, ಬುಶ್ (ಕೀಲುಗಳಲ್ಲಿನ ರಬ್ಬರ್ ತುಂಡು) ಹರಿಯುತ್ತದೆ, ಟೈರಿನ ಒಳಬದಿ ಸವೆಯುತ್ತದೆ.

1. ಮೊದಲು ರಿಪೇರಿ

80,000 ಕಿ.ಮೀ. ದಾಟಿದ ಕಾರಾದರೆ ಸ್ಟ್ರಟ್ (ಮುಂದಿನ ಸ್ಪ್ರಿಂಗ್-ಶಾಕ್ ಜೋಡಿ) ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಬೂಟ್, ಲಿಂಕ್ ರಾಡ್ ಮತ್ತು ಲೋವರ್ ಆರ್ಮ್ ಬುಶ್‌ಗಳನ್ನು ಈ ಕೆಲಸದ ಪಟ್ಟಿಗೇ ಸೇರಿಸಿ. ಹೇಗೂ ಬಿಚ್ಚುತ್ತೀರಿ, ಎರಡು ಸಲ ಕೂಲಿ ಕೊಡಬೇಡಿ. ಇನ್ಶೂರೆನ್ಸ್ ಕಂಪನಿ ಮತ್ತು ಆರ್‌ಟಿಒ ಜೊತೆಯೂ ಮೊದಲೇ ಮಾತಾಡಿ. ವಾಹನದ ಮೂಲ ರಚನೆಯನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ.

2. ಈಗ ಎಷ್ಟು ಎತ್ತರವಿದೆ?

ಸಮತಟ್ಟಾದ ಜಾಗ, ಅರ್ಧ ಟ್ಯಾಂಕ್ ಪೆಟ್ರೋಲು, ಸರಿಯಾದ ಗಾಳಿ. ಚಕ್ರದ ನಡುಮಧ್ಯದಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಬರುತ್ತದೆ, ಬೇಡ.

3. ಎಷ್ಟು ತಗ್ಗಿಸಬಹುದು?

ಇಡೀ ಕೆಲಸ ನಿಂತಿರುವುದು ಈ ಹಂತದ ಮೇಲೆ. ಬಹುತೇಕರು ನೋಡುವುದು ಟೈರಿಗೂ ಫೆಂಡರಿಗೂ ನಡುವಿನ ಸಂದನ್ನು. ನೋಡಬೇಕಾದದ್ದು ಶಾಕ್ ಒಳಗೆ ಉಳಿಯುವ ಓಡಾಟವನ್ನು, ಅಂದರೆ ಗುಂಡಿ ಬಂದಾಗ ರಾಡ್ ಒಳಸರಿಯಲು ಇರುವ ಜಾಗವನ್ನು.

ಹೀಗೆ ಮಾಡಿ. ಸ್ಟೀರಿಂಗ್ ಒಂದು ಬದಿಗೆ ತಿರುಗಿಸಿ, ಮುಂದಿನ ಸ್ಟ್ರಟ್‌ನ ಡಸ್ಟ್ ಬೂಟ್ ಮೇಲಕ್ಕೆ ಸರಿಸಿ. ಹೊಳೆಯುವ ಕ್ರೋಮ್ ರಾಡ್ ಕಾಣುತ್ತದೆ. ಅದರ ಮೇಲ್ತುದಿಯಲ್ಲಿ ಹಳದಿಯೋ ಕಪ್ಪೋ ಫೋಮಿನ ಬಂಪ್ ಸ್ಟಾಪ್ ಇರುತ್ತದೆ, ಓಡಾಟ ಮುಗಿದಾಗ ಏಟು ತಡೆಯುವ ಮೆತ್ತೆ ಇದು. ಕಾರು ತನ್ನ ಕಾಲ ಮೇಲೆ ನಿಂತಿರುವಾಗ ಬಂಪ್ ಸ್ಟಾಪ್‌ನ ಕೆಳತುದಿಯಿಂದ ಶಾಕ್ ಮೈಯ ಮೇಲ್ತುದಿಯವರೆಗೆ ಅಳೆಯಿರಿ. ಆಮೇಲೆ ರಾಡಿಗೆ ಒಂದು ಸಣ್ಣ ಪ್ಲಾಸ್ಟಿಕ್ ಟೈ ಬಿಗಿದು ಶಾಕ್ ಮೈಗೆ ತಾಗುವಂತೆ ಕೆಳಗೆ ತಳ್ಳಿ. ನಾಲ್ಕು ಜನರನ್ನು ಕೂರಿಸಿಕೊಂಡು ನೀವು ದಿನವೂ ಹೋಗುವ ದಾರಿಯಲ್ಲೇ, ಹಂಪು ಗುಂಡಿಗಳ ಮೇಲೆ ಎಂದಿನ ವೇಗದಲ್ಲಿ ಓಡಿಸಿ. ವಾಪಸು ಬಂದು, ಎಲ್ಲರೂ ಇಳಿದ ಮೇಲೆ ನೋಡಿದರೆ ಟೈ ಮೇಲೇರಿ ನಿಂತಿರುತ್ತದೆ. ಶಾಕ್ ಮೈಯಿಂದ ಟೈವರೆಗಿನ ದೂರವೇ ನೀವು ನಿಜಕ್ಕೂ ಬಳಸಿದ ಓಡಾಟ.

ಉದಾಹರಣೆಗೆ ನಿಂತಾಗಿನ ಸಂದು 60 ಮಿ.ಮೀ., ಬಳಸಿದ್ದು 45 ಎಂದುಕೊಳ್ಳಿ. ಸ್ಪ್ರಿಂಗ್ ಗಟ್ಟಿಯಾದರೆ ಬಳಕೆ 40ಕ್ಕೆ ಇಳಿಯಬಹುದು. 20 ಮಿ.ಮೀ. ತಗ್ಗಿಸಿದರೆ ಉಳಿಯುವುದು 40: ಲೆಕ್ಕ ಸರಿಹೋಯಿತು. 40 ಮಿ.ಮೀ. ತಗ್ಗಿಸಿದರೆ ಉಳಿಯುವುದು 20, ಅಂದರೆ ಪ್ರತಿ ದೊಡ್ಡ ಗುಂಡಿಗೂ ಕಾರು ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ತಿರುವಿನ ನಡುವೆ ಹೀಗಾದರೆ ಆ ಚಕ್ರ ಒಮ್ಮೆಲೇ ಗಟ್ಟಿಯಾಗಿ ಟೈರ್ ಹಿಡಿತ ಬಿಡುತ್ತದೆ. ಬಂಪ್ ಸ್ಟಾಪ್ ಕಿತ್ತೆಸೆದು "ಜಾಗ ಮಾಡುವ" ಗ್ಯಾರೇಜುಗಳಿವೆ. ಅಲ್ಲಿಂದ ಎದ್ದು ಬನ್ನಿ. ಕಿಟ್‌ನ ಸೂಚನಾ ಹಾಳೆಯಲ್ಲಿ ಎಷ್ಟು ಕತ್ತರಿಸಲು ಹೇಳಿದೆಯೋ ಅಷ್ಟೇ ಕತ್ತರಿಸಬೇಕು.

ಇನ್ನು ಚಕ್ರವನ್ನು ಕೆಳಗಿನಿಂದ ಕಾರಿನ ಮೈಗೆ ಹಿಡಿದಿಡುವ ಲೋವರ್ ಆರ್ಮ್. ಕಾರಿನ ಮುಂದುಗಡೆಯಿಂದ ನೋಡಿದಾಗ ಹೊರತುದಿಯ ಬಾಲ್ ಜಾಯಿಂಟ್ ಒಳಬದಿಯ ಬುಶ್‌ಗಿಂತ ಕೆಳಗಿರಬೇಕು, ಹೆಚ್ಚೆಂದರೆ ಸಮ ಇರಬಹುದು. ತೀರಾ ತಗ್ಗಿಸಿದರೆ ಆರ್ಮ್ ಹೊರಗಡೆಗೆ ಮೇಲೇರಿ ನಿಲ್ಲುತ್ತದೆ. ಪೋಲೊದ ಮುಂದಿರುವ ಮ್ಯಾಕ್‌ಫರ್ಸನ್ ಬಗೆಯ ಸ್ಟ್ರಟ್‌ನಲ್ಲಿ ಆಗ ರೋಲ್ ಸೆಂಟರ್ (ತಿರುವಿನಲ್ಲಿ ಮೈ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕಾರಿನ ತೂಕದ ಕೇಂದ್ರಕ್ಕಿಂತ ವೇಗವಾಗಿ ಕುಸಿಯುತ್ತದೆ. ನೋಡಲು ನೆಲಕ್ಕಂಟಿದ ಕಾರು ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ವಾಲುವುದು ಇದಕ್ಕೇ.

ಹಂಪಿನ ಲೆಕ್ಕವನ್ನೂ ಮಾಡಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಪೋಲೊದ ವೀಲ್‌ಬೇಸ್ (ಮುಂದಿನ ಹಿಂದಿನ ಗಾಲಿಗಳ ನಡುವಿನ ದೂರ) ಸುಮಾರು 2.47 ಮೀಟರ್ ಆದ್ದರಿಂದ ಎರಡೂ ಗಾಲಿ ಹಂಪಿನ ಮೇಲೆಯೇ ಇರುತ್ತವೆ. ಹೊಟ್ಟೆಯ ಕೆಳಗೆ ಏಳುವುದು ಬರೀ 45 ಮಿ.ಮೀ. ತೊಂದರೆ ಕೊಡುವುದು ಬಡಾವಣೆಗಳ ಒಂದು ಮೀಟರ್ ಅಗಲದ, 15 ಸೆಂ.ಮೀ. ಎತ್ತರದ ದಿಬ್ಬ. ಅದರ ಪೂರ್ತಿ ಎತ್ತರ ಹೊಟ್ಟೆಗೆ ಎದುರಾಗುತ್ತದೆ. ನಿಮ್ಮ ಮನೆದಾರಿಯ ಅತಿ ಕೆಟ್ಟ ಹಂಪಿನ ಅಗಲ, ಎತ್ತರ ಅಳೆದು ತನ್ನಿ.

ನಮ್ಮ ಶಿಫಾರಸು: ದಿನಬಳಕೆಯ ಪೋಲೊಗೆ ಮುಂದೆ 25, ಹಿಂದೆ 20 ಮಿ.ಮೀ. ಅದಕ್ಕಿಂತ ಕೆಳಗೆ ಹೋಗಬೇಡಿ. ಇನ್ನೊಂದು ಎಚ್ಚರಿಕೆ: ನಮ್ಮಲ್ಲಿ ಮಾರಾಟವಾದ ಪೋಲೊ ಯುರೋಪಿನದಕ್ಕಿಂತ ಎತ್ತರ ನಿಲ್ಲುತ್ತದೆ. ಅಲ್ಲಿನ ಕಾರಿಗೆ "30 ಮಿ.ಮೀ." ಎಂದು ಬರೆದ ಸ್ಪ್ರಿಂಗ್ ಇಲ್ಲಿ ಇನ್ನೂ ಹೆಚ್ಚು ತಗ್ಗಿಸುತ್ತದೆ. ಇಲ್ಲಿನ ಕಾರಿಗೆ ಹಾಕಿ ಅಳೆದ ಸಂಖ್ಯೆ ಕೊಡುವ ಮಾರಾಟಗಾರರಿಂದಲೇ ಕೊಳ್ಳಿ.

4. ಸ್ಪ್ರಿಂಗ್ ಗಡಸು

ಮುಂದಿನ ಒಂದು ಚಕ್ರದ ಸ್ಪ್ರಿಂಗ್ ಹೊರುವುದು ಅಂದಾಜು 320 ಕೆಜಿ. ಒಂದು ಮಿ.ಮೀ. ಒತ್ತಲು 25 ನ್ಯೂಟನ್ ಬಲ ಬೇಡುವ ಸ್ಪ್ರಿಂಗ್ ಹಾಕಿದರೆ ಮೈ ಸೆಕೆಂಡಿಗೆ 1.4 ಸಲ ತೂಗುತ್ತದೆ. 32 ಆದರೆ 1.6, 60 ಆದರೆ 2.2. ಎರಡು ದಾಟಿದ್ದು ಟ್ರ್ಯಾಕಿಗೆ ಸರಿ, ಶಿರಾಡಿ ಘಾಟಿಗಲ್ಲ. 1.5ರಿಂದ 1.7ರೊಳಗೆ ಇಟ್ಟುಕೊಳ್ಳಿ. ಗ್ರೈಂಡರ್‌ನಲ್ಲಿ ಸುತ್ತು ಕತ್ತರಿಸಿದ ಸ್ಪ್ರಿಂಗ್ ಚಕ್ರ ಇಳಿಬಿದ್ದಾಗ ತಾನು ಕೂತ ಬಟ್ಟಲಿನಿಂದ (ಸೀಟಿನಿಂದ) ಜಾರುತ್ತದೆ. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ತಗ್ಗಿಸಿದ್ದು ಹದ ಕಳೆದುಕೊಂಡು ಕುಗ್ಗುತ್ತಲೇ ಹೋಗುತ್ತದೆ. ಎರಡೂ ಅಪಾಯ.

5. ಜೋಡಿ ಶಾಕ್

ಹಣ ಕಡಿಮೆಯಿದ್ದರೆ ಸ್ಪ್ರಿಂಗ್ ಬಿಡಿ, ಒಳ್ಳೆಯ ಶಾಕ್ ಹಾಕಿಸಿ. ಕಾರು ಅಷ್ಟಕ್ಕೇ ಬದಲಾಗುತ್ತದೆ. ಬಿಲ್‌ಸ್ಟೈನ್ ಕಂಪನಿಯ ಶಾಕ್‌ಗಳಲ್ಲಿ ಬಿ4 ಎಂದರೆ ಮೂಲದ ಬದಲಿ, ಬಿ6 ಮೂಲ ಉದ್ದದ ಗಟ್ಟಿ ಶಾಕ್, ಬಿ8 ತಗ್ಗಿಸಿದ ಸ್ಪ್ರಿಂಗ್‌ಗೆಂದೇ ಗಿಡ್ಡ ಮಾಡಿದ್ದು. ತಗ್ಗಿಸುವುದಾದರೆ ಬಿ8 ಬಗೆಯದೇ ಬೇಕು, ಮೂರನೇ ಹಂತದಲ್ಲಿ ಕಳೆದ ಓಡಾಟದಲ್ಲಿ ಸ್ವಲ್ಪವನ್ನು ಅದು ಮರಳಿಸುತ್ತದೆ. ಹೆಸರಿಲ್ಲದ ಅಗ್ಗದ ಕಾಯಿಲೋವರ್ (ಥ್ರೆಡ್ ತಿರುಗಿಸಿ ಎತ್ತರ ಬದಲಿಸುವ ಸ್ಪ್ರಿಂಗ್-ಶಾಕ್ ಜೋಡಿ) ಕೊಳ್ಳಬೇಡಿ. "32 ಹಂತ" ಎಂಬ ತಿರುಗುಗುಂಡಿ ಎಷ್ಟು ತಿರುಗಿಸಿದರೂ ವ್ಯತ್ಯಾಸ ಕಾಣದವು ಅದರಲ್ಲಿ ಬಹಳ. ಕರಾವಳಿಯ ಉಪ್ಪುಗಾಳಿಗೆ ರಕ್ಷಣೆಯ ಲೇಪವಿಲ್ಲದ ಥ್ರೆಡ್ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ.

6. ಜೋಡಣೆ

ಬಿಚ್ಚಿ ಕೂರಿಸುವುದು ಯಾವ ಒಳ್ಳೆಯ ಗ್ಯಾರೇಜಿಗೂ ಒಂದು ದಿನದ ಕೆಲಸ. ಎರಡು ಕಡೆ ಮಾತ್ರ ಪಕ್ಕದಲ್ಲೇ ನಿಂತು ನೋಡಿ.

ಒಂದು, ಶಾಕ್ ರಾಡಿನ ಮೇಲಿನ ನಟ್. ರಾಡ್ ತಿರುಗದಂತೆ ಅದರ ತುದಿಗೆ ಕೀ ಹಾಕಿ ಹಿಡಿದು, ಕೈಯಿಂದ ಬಿಗಿಯಬೇಕು. ಇಂಪ್ಯಾಕ್ಟ್ ಗನ್ ಹೊಡೆದರೆ ರಾಡ್ ಒಳಗೆ ಗಿರಗಿರ ಸುತ್ತಿ ಸೀಲ್ ಹಾಳಾಗುತ್ತದೆ. ಕ್ರೋಮ್ ರಾಡನ್ನು ಪ್ಲೈಯರ್‌ನಲ್ಲಿ ಹಿಡಿಯಲು ಬಿಡಲೇಬೇಡಿ. ಉಗುರಿಗೆ ತಾಕುವ ಒಂದು ಗೀರು ಸಾಕು, ಹೊಸ ಶಾಕ್ ಸೋರಲು.

ಎರಡು, ರಬ್ಬರ್ ಬುಶ್‌ನ ಬೋಲ್ಟ್‌ಗಳು. ಕಾರು ಲಿಫ್ಟ್ ಮೇಲೆ ಚಕ್ರ ಇಳಿಬಿಟ್ಟಿರುವಾಗ ಲೋವರ್ ಆರ್ಮ್ ಬೋಲ್ಟ್ ಬಿಗಿದರೆ ಬುಶ್ ಆ ಭಂಗಿಯಲ್ಲೇ ಸೆರೆಯಾಗುತ್ತದೆ. ಕೆಳಗಿಳಿಸಿದ ಕ್ಷಣದಿಂದ ರಬ್ಬರ್ ಹಗಲಿರುಳೂ ತಿರುಚಿಕೊಂಡೇ ಇದ್ದು ಬೇಗನೆ ಹರಿಯುತ್ತದೆ. ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಬೀಮ್‌ನ ಬುಶ್‌ಗೂ ಇದೇ ಮಾತು. ಸ್ಪ್ರಿಂಗ್ ಮಾತ್ರ ಬದಲಿಸಿದರೂ ಈ ಬೋಲ್ಟ್‌ಗಳನ್ನು ಸಡಿಲಿಸಿ, ಕಾರಿನ ಭಾರ ಚಕ್ರದ ಮೇಲೆ ಬಿಟ್ಟು, ಹೊಸ ಎತ್ತರದಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಈ ಕಾರಿನ ಹಲವು ಬೋಲ್ಟ್‌ಗಳು ಬಿಗಿಯುವಾಗ ಹಿಗ್ಗುವ ಬಗೆಯವು. ಬಿಚ್ಚಿದ ಮೇಲೆ ಹೊಸದನ್ನೇ ಹಾಕಬೇಕು.

7. ಆಮೇಲೆ

500 ಕಿ.ಮೀ. ಓಡಿಸಿ, ಸ್ಪ್ರಿಂಗ್ ಕೂತ ಮೇಲೆ ಮತ್ತೆ ಫೆಂಡರ್ ಅಳೆಯಿರಿ. ಎಡಬಲ ವ್ಯತ್ಯಾಸ 5 ಮಿ.ಮೀ. ಮೀರಿದ್ದರೆ ಸ್ಪ್ರಿಂಗ್ ತುದಿ ಸೀಟಿನಲ್ಲಿ ಸರಿಯಾಗಿ ಕೂತಿಲ್ಲ ಎಂಬ ಅನುಮಾನ ಮೊದಲು ಬರಲಿ. ಅಲೈನ್‌ಮೆಂಟ್‌ನಲ್ಲಿ ಮುಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಪಡಿಸಿಕೊಳ್ಳಿ. ಟೈರಿನ ಒಳಬದಿ ಸವೆಯುವುದು ಕ್ಯಾಂಬರ್‌ಗಿಂತ (ಚಕ್ರದ ಮೇಲ್ತುದಿ ವಾಲಿರುವ ಕೋನ) ಹೆಚ್ಚಾಗಿ ಟೋ ತಪ್ಪಿದ್ದರಿಂದ. ಹಿಂದಿನ ಬೀಮ್‌ನಲ್ಲಿ ತಿರುಗಿಸಲು ಏನೂ ಇಲ್ಲ, ಅದನ್ನೂ "ಸೆಟ್" ಮಾಡಿದೆವೆಂದು ಬಿಲ್ ಕೊಟ್ಟರೆ ಪ್ರಶ್ನಿಸಿ. ಹೆಡ್‌ಲೈಟ್ ಮಟ್ಟವನ್ನು ಅದೇ ದಿನ ಗೋಡೆಗೆ ಬಿಟ್ಟು ಹೊಂದಿಸಿ. ಕ್ರೋಮ್ ರಾಡಿಗೆ ಮತ್ತೊಂದು ಪ್ಲಾಸ್ಟಿಕ್ ಟೈ ಕಟ್ಟಿ ಅದೇ ದಾರಿ, ಅದೇ ನಾಲ್ಕು ಜನರೊಡನೆ ಓಡಿಸಿ ನೋಡಿ. ಟೈ ಬಂಪ್ ಸ್ಟಾಪ್ ಒಳಗೆ ಆಳಕ್ಕೆ ಹೂತು ನಿಂತಿದ್ದರೆ ಆ ಸ್ಪ್ರಿಂಗ್ ಈ ದಾರಿಗೆ ತೀರಾ ಗಿಡ್ಡ, ಬದಲಿಸಿ.