ಸ್ಟಾಲ್ ಕಟ್ಟುವ ಮುನ್ನ ಫೈಲ್ ಕಟ್ಟಿ

ಬೆಂಗಳೂರಿನ ಮೇಳದಲ್ಲಿ ಕಾಫಿ ಸ್ಟಾಲ್ ಹಾಕಬೇಕು ಅಂದ ಕೂಡಲೇ ಚಿಕ್ಕಮಗಳೂರಿನ ಪ್ಲಾಂಟರ್‌ಗಳು ಕೇಳುವ ಡಿಸೈನ್ ಹೆಚ್ಚುಕಡಿಮೆ ಒಂದೇ. ಹಿಂದೆ ಬಾಬಾಬುಡನ್‌ಗಿರಿಯ ದೊಡ್ಡ ಫೋಟೊ, ಗೋಡೆಗೆ ಗೋಣಿಚೀಲ, ಕಾಫಿ ಬೊಡ್ಡೆಯ ಟೇಬಲ್, ಮೇಲೆ ಬಿದಿರಿನ ಚಪ್ಪರ, ಮುಂದೆ ಎಸ್ಪ್ರೆಸೊ ಮಷೀನ್. ನೋಡಲು ಚೆಂದ. ಬೆಂಕಿಯ ಲೆಕ್ಕದಲ್ಲಿ ನೋಡಿದರೆ ಇದರಲ್ಲಿ ಬೇಗ ಹೊತ್ತಿಕೊಳ್ಳದ ವಸ್ತು ಬೊಡ್ಡೆ, ಮಷೀನ್ ಎರಡೇ.

ಇಂಥ ಸ್ಟಾಲ್‌ಗೆ ಬೇಕಾದ ಸುರಕ್ಷತಾ ಕಾಗದಪತ್ರವನ್ನು ಕೊನೆಯ ವಾರ ಮಾಡಿದರಾಯಿತು ಅಂತ ನಮ್ಮ ಹಾಸನ ಕಡೆಯ ಬಹಳಷ್ಟು ಫ್ಯಾಬ್ರಿಕೇಟರ್‌ಗಳು, ಅಂದರೆ ಸ್ಟಾಲ್ ಕಟ್ಟಿಕೊಡುವವರು, ಅಂದುಕೊಂಡಿದ್ದಾರೆ. ಹಳೇ ಮೇಳದ ಫೈಲ್ ತೆಗೆದು, ಹೆಸರು ಬದಲಿಸಿ, ಸೀಲ್ ಒತ್ತಿ ಕಳಿಸುವುದೂ ಉಂಟು. ಇದು ಸುಮ್ನೆ ಕಾಗದ ದಂಡ. ಪ್ಲೈವುಡ್‌ಗೆ ಗರಗಸ ಇಡುವ ಮೊದಲೇ ಫೈಲ್ ಶುರುವಾದರೆ ಅದು ಡಿಸೈನನ್ನೇ ತಿದ್ದುತ್ತದೆ. ಡ್ರಾಯಿಂಗ್‌ನಲ್ಲಿ ಗೋಣಿಚೀಲ ತೆಗೆಯಲು ಒಂದು ನಿಮಿಷ ಸಾಕು. ಹಾಲ್‌ನಲ್ಲಿ ಹೊಡೆದಾದ ಮೇಲೆ ಕೀಳಲು ದುಡ್ಡೂ ಹೋಗುತ್ತದೆ, ರಾತ್ರಿ ನಿದ್ದೆಯೂ ಹೋಗುತ್ತದೆ.

ಆಯೋಜಕರು ಇಷ್ಟೊಂದು ಕಾಗದ ಯಾಕೆ ಕೇಳುತ್ತಾರೆ? 2006ರ ಏಪ್ರಿಲ್ 10ರಂದು ಮೀರತ್‌ನ ವಿಕ್ಟೋರಿಯಾ ಪಾರ್ಕ್‌ನಲ್ಲಿ ನಡೆಯುತ್ತಿದ್ದ ಗ್ರಾಹಕ ವಸ್ತುಗಳ ಮೇಳಕ್ಕೆ ಬೆಂಕಿ ಬಿದ್ದು 65 ಜನ ಸತ್ತರು. ತಾತ್ಕಾಲಿಕ ಡೇರೆಗಳು ನೋಡನೋಡುತ್ತಲೇ ಉರಿದುಹೋದವು. ಪರಿಹಾರದ ಹೊಣೆಯಲ್ಲಿ ಆಯೋಜಕರಿಗೆ ಶೇ 60, ರಾಜ್ಯಕ್ಕೆ ಶೇ 40 ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಲ್ಲವೂ ಗುತ್ತಿಗೆದಾರನ ಕೆಲಸ ಎಂಬ ವಾದ ಆಯೋಜಕರನ್ನು ಉಳಿಸಲಿಲ್ಲ. ಹಾಗಾಗಿ ಅವರು ತಮ್ಮ ಫೈಲ್ ಗಟ್ಟಿ ಮಾಡಿಕೊಳ್ಳುತ್ತಾರೆ, ಅದಕ್ಕೆ ನಿಮ್ಮ ಫೈಲ್ ಬೇಕು.

ಮೊದಲು ಮ್ಯಾನುವಲ್ ಓದಿ

ಜಾಗ ಬುಕ್ ಆದ ಮೇಲೆ ಆಯೋಜಕರು ಎಕ್ಸಿಬಿಟರ್ ಮ್ಯಾನುವಲ್ (ಮೇಳದ ನಿಯಮಗಳ ಕೈಪಿಡಿ) ಕಳಿಸುತ್ತಾರೆ. ಅದು ಪ್ಲಾಂಟರ್‌ನ ಇಮೇಲ್‌ನಲ್ಲೇ ಕೂತಿರುತ್ತದೆ, ಸ್ಟಾಲ್ ಕಟ್ಟುವವನ ಕೈಗೆ ಬರುವುದೇ ಇಲ್ಲ. ಕೇಳಿ ತರಿಸಿಕೊಳ್ಳಿ. ನಾಲ್ಕು ವಿಷಯ ಗುರುತು ಹಾಕಿ: ಎಷ್ಟು ಎತ್ತರದವರೆಗೆ ಕಟ್ಟಬಹುದು, ಯಾವ ಫಾರಂ ಯಾವ ತಾರೀಕಿಗೆ, ಹಾಲ್‌ನೊಳಗೆ ಯಾವ ಕೆಲಸಕ್ಕೆ ನಿಷೇಧ, ಕಟ್ಟಲು ಮತ್ತು ಕಳಚಲು ಎಷ್ಟು ಗಂಟೆ.

ನಿಮ್ಮದು ಶೆಲ್ ಸ್ಕೀಮಾ, ಬೇರ್ ಸ್ಪೇಸಾ ಎನ್ನುವುದೂ ಮುಖ್ಯ. ಶೆಲ್‌ನಲ್ಲಿ ಪ್ಯಾನೆಲ್ ಗೋಡೆ, ಲೈಟು, ಪ್ಲಗ್ ಆಯೋಜಕರದ್ದು, ಆದ್ದರಿಂದ ಕಾಗದ ಕಡಿಮೆ. ಬೇರ್ ಸ್ಪೇಸ್ ಅಂದರೆ ಬರೀ ನೆಲ. ಅದರ ಮೇಲೆ ಏಳುವ ಪ್ರತಿಯೊಂದಕ್ಕೂ ನೀವೇ ಉತ್ತರ ಕೊಡಬೇಕು. ಅಂಡರ್‌ಟೇಕಿಂಗ್‌ಗೆ (ಮುಚ್ಚಳಿಕೆ ಪತ್ರಕ್ಕೆ) ಸಹಿ ಹಾಕುವವರು ಪ್ಲಾಂಟರ್. ಫ್ಯಾಬ್ರಿಕೇಟರ್‌ಗೆ ಕೆಲಸ ಕೊಟ್ಟ ಮಾತ್ರಕ್ಕೆ ಅವರ ಹೊಣೆ ತಪ್ಪುವುದಿಲ್ಲ. ಈ ಮಾತನ್ನು ಅಡ್ವಾನ್ಸ್ ತಗೊಳ್ಳುವ ದಿನವೇ ಅವರಿಗೆ ಹೇಳಿಬಿಡಿ.

ಡ್ರಾಯಿಂಗ್

ಬಣ್ಣಬಣ್ಣದ ತ್ರೀಡಿ ಚಿತ್ರ ಗಿರಾಕಿಗೆ ಸಾಕು, ಅನುಮತಿಗೆ ಸಾಲದು. ಪ್ಲಾನ್, ನಾಲ್ಕೂ ಬದಿಯ ಎಲಿವೇಶನ್ (ಎದುರಿನಿಂದ ಕಾಣುವ ನೋಟ), ಅಳತೆ ಎಲ್ಲಾ ಮಿಲಿಮೀಟರ್‌ನಲ್ಲಿ ಬೇಕು. ಅಡಿ, ಇಂಚು ಬೆರೆಸಬೇಡಿ. ಅಕ್ಕಪಕ್ಕದ ಸ್ಟಾಲ್ ಯಾವ ಕಡೆ, ಓಡಾಡುವ ದಾರಿ ಯಾವ ಕಡೆ, ಹತ್ತಿರದ ತುರ್ತು ಬಾಗಿಲು, ಹೈಡ್ರಂಟ್ (ಬೆಂಕಿ ನಂದಿಸುವ ನೀರಿನ ನಲ್ಲಿ) ಎಲ್ಲಿವೆ, ಇಷ್ಟನ್ನೂ ತೋರಿಸಿ. ಹೈಡ್ರಂಟ್ ಮುಂದೆ ಸ್ಟೋರ್ ರೂಮ್ ಬರೆದ ಡ್ರಾಯಿಂಗ್ ವಾಪಸ್ ಬಂದೇ ಬರುತ್ತದೆ.

ನೆಲದ ಮೇಲೆ ಪ್ಲಾಟ್‌ಫಾರಂ ಹಾಕಿದರೆ ರ‍್ಯಾಂಪ್ ಬೇಕು. ಗಾಲಿಕುರ್ಚಿಗೆ 1:12 ಇಳಿಜಾರು ವಾಡಿಕೆ. ಅಂದರೆ 100 ಮಿಲಿಮೀಟರ್ ಎತ್ತರಕ್ಕೆ 1.2 ಮೀಟರ್ ಉದ್ದ. 6 ಮೀಟರ್‌ಗೆ 3 ಮೀಟರ್ ಸ್ಟಾಲ್‌ನಲ್ಲಿ ಇದು ಒಳ್ಳೇ ಜಾಗವನ್ನೇ ತಿನ್ನುತ್ತದೆ. ಈ ಲೆಕ್ಕ ಹಾಕಿದ ಮೇಲೆ ಎಷ್ಟೋ ಜನ ಪ್ಲಾಟ್‌ಫಾರಂ ಬಿಟ್ಟು ಕಾರ್ಪೆಟ್‌ಗೆ ಇಳಿಯುತ್ತಾರೆ. ಒಳ್ಳೆಯದೇ, ಎಡವುವವರೂ ಕಡಿಮೆ.

ಎತ್ತರದ ಗೋಡೆ, ಮುಂದಕ್ಕೆ ಚಾಚಿದ ಹೆಡರ್ (ಮೇಲಿನ ಹೆಸರಿನ ಫಲಕ), ಮಹಡಿ ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಕೊಟ್ಟ ಸ್ಟೆಬಿಲಿಟಿ ಸರ್ಟಿಫಿಕೇಟ್ ಕೇಳುತ್ತಾರೆ. ಹಾಸನದಲ್ಲಿ ಮನೆ ಪ್ಲಾನ್ ಮಾಡುವ ಎಂಜಿನಿಯರ್‌ಗಳಿಗೇನೂ ಬರವಿಲ್ಲ. ಆದರೆ ಸಹಿ ಮಾತ್ರ ಕೇಳಬೇಡಿ, ಗೋಡೆಯ ತೂಕ, ಹಿಂದಿನ ಆಧಾರ, ಬೋಲ್ಟ್ ಜಾಗ ತೋರಿಸಿ ಕೂತು ಮಾತಾಡಿ. ಕೊನೇ ಗಳಿಗೆಯಲ್ಲಿ ಗಿರಾಕಿ 55 ಇಂಚಿನ ಟಿವಿ ತಂದು ಅದೇ ಗೋಡೆಗೆ ನೇತುಹಾಕಿ ಅಂತಾರೆ, ಅದೂ ಲೆಕ್ಕದಲ್ಲಿ ಇರಲಿ.

ಬೆಂಕಿಯ ಕಾಗದ

ಹೆಚ್ಚು ಫೈಲ್‌ಗಳು ಎಡವುವುದು ಇಲ್ಲೇ. ಪ್ಲೈವುಡ್ ಮೇಲಿನ ಐಎಸ್ (ಭಾರತೀಯ ಮಾನಕ) 710 ಮುದ್ರೆ ತೋರಿಸಿ, ಇದು ಒಳ್ಳೇ ಮಾಲು ಸಾರ್ ಅನ್ನುತ್ತಾರೆ. ಒಳ್ಳೇ ಮಾಲು ನಿಜ, ಆದರೆ 710 ನೀರು ತಡೆಯುವ ಮರೈನ್ ಪ್ಲೈ. ಬೆಂಕಿ ತಡೆಯುವ ಪ್ಲೈವುಡ್‌ನ ಮಾನಕ ಐಎಸ್ 5509. ಮುದ್ರೆಯಲ್ಲಿ ಈ ಸಂಖ್ಯೆ ನೋಡಿ ತಗೊಳ್ಳಿ. ಸರ್ಟಿಫಿಕೇಟ್‌ನಲ್ಲಿರುವ ಬ್ರ್ಯಾಂಡ್ ಮತ್ತು ದಪ್ಪ ಬಿಲ್‌ನಲ್ಲೂ ಅದೇ ಇರಬೇಕು. 12 ಎಂಎಂ ಸರ್ಟಿಫಿಕೇಟ್ ಇಟ್ಟುಕೊಂಡು 6 ಎಂಎಂ ಹೊಡೆದರೆ ಅದು ಬೇರೆ ವಸ್ತು.

ಇನ್ನು ಗೋಣಿಚೀಲ. ಆಸೆ ಇದ್ದರೆ ಪೂರ್ತಿ ಗೋಡೆಗೆ ಬೇಡ, ಕೌಂಟರ್ ಮುಂದೆ ಒಂದು ಪಟ್ಟಿ ಸಾಕು. ಅದಕ್ಕೂ ಬೆಂಕಿ ನಿರೋಧಕ ದ್ರಾವಣ ಹೊಡೆಸಿ, ಹೊಡೆದವರಿಂದ ತಾರೀಕು ಹಾಕಿದ ಪತ್ರ ಪಡೆಯಿರಿ. ಬಿದಿರು, ಬಟ್ಟೆ, ಒಣ ಹುಲ್ಲಿಗೂ ಇದೇ ಮಾತು. ಅದೇ ಚೀಲದ ಇನ್ನೊಂದು ತುಂಡು ಜೊತೆಯಲ್ಲಿರಲಿ, ತಪಾಸಣೆಗೆ ಬಂದವರು ಹಾಲ್ ಹೊರಗೆ ಸುಟ್ಟು ನೋಡಬಹುದು. ಕಾಫಿ ಬೊಡ್ಡೆ ದಪ್ಪ ಮರ, ಬೇಗ ಹೊತ್ತಿಕೊಳ್ಳುವುದಿಲ್ಲ. ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನಂದಿಸುವ ಸಿಲಿಂಡರ್‌ಗೆ ಐಎಸ್ 15683 ಮುದ್ರೆ ಇರಬೇಕು. ಕಟ್ಟಿಗೆ, ಬಟ್ಟೆಗೆ ಎಬಿಸಿ ಪೌಡರ್, ಕರೆಂಟಿನ ಬೋರ್ಡ್ ಪಕ್ಕ ಸಿಒ2. ಪೌಡರ್ ಸಿಲಿಂಡರ್‌ನ ಮುಳ್ಳು ಹಸಿರಿನಲ್ಲಿದೆಯಾ ನೋಡಿ, ಸರ್ವೀಸ್ ತಾರೀಕಿನ ಫೋಟೊ ತೆಗೆದು ಫೈಲ್‌ಗೆ ಹಾಕಿ. ಗ್ಯಾಸ್ ಸಿಲಿಂಡರ್ ಇಟ್ಟು ಬಿಸಿಬಿಸಿ ಕಾಫಿ ಕೊಡುವ ಯೋಚನೆ ಬಿಡಿ. ಮುಚ್ಚಿದ ಹಾಲ್‌ಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಅವಕಾಶವೇ ಇಲ್ಲ.

ಕರೆಂಟಿನ ಲೆಕ್ಕ

ಪವರ್ ಫಾರಂನಲ್ಲಿ ಅಂದಾಜು ಬರೆಯಬೇಡಿ. ಪ್ರತಿ ಯಂತ್ರದ ಹಿಂದಿನ ಪ್ಲೇಟ್ ನೋಡಿ ಬರೆಯಿರಿ. ಒಂದು ಉದಾಹರಣೆ: ಎಸ್ಪ್ರೆಸೊ ಮಷೀನ್ 3,500 ವ್ಯಾಟ್, ಎರಡು ಗ್ರೈಂಡರ್ 800, ಹಾಲಿಡುವ ಫ್ರಿಜ್ 200, 30 ವ್ಯಾಟ್‌ನ 12 ಎಲ್‌ಇಡಿ ಸ್ಪಾಟ್‌ಲೈಟ್ 360, ಟಿವಿ 150. ಒಟ್ಟು 5,010 ವ್ಯಾಟ್. 6 ಕಿಲೋವ್ಯಾಟ್ ಕೇಳಿ. 230 ವೋಲ್ಟ್‌ನಲ್ಲಿ ಮಷೀನ್ ಒಂದೇ 15 ಆಂಪ್‌ಗಿಂತ ಸ್ವಲ್ಪ ಮೇಲೆ ಎಳೆಯುತ್ತದೆ. ಅದಕ್ಕೆ ಪ್ರತ್ಯೇಕ ಲೈನ್, ಪ್ರತ್ಯೇಕ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್). ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಸಿಕ್ಕಿಸುವ ಮಾತೇ ಬೇಡ. ಫ್ರಿಜ್‌ಗೆ ರಾತ್ರಿಯೂ ಕರೆಂಟ್ ಬೇಕೆಂದು ಬೇರೆಯಾಗಿ ಬರೆಯದಿದ್ದರೆ ಸಂಜೆ ಮೇನ್ ಆಫ್ ಆಗಿ ಬೆಳಿಗ್ಗೆ ಹಾಲು ಒಡೆದಿರುತ್ತದೆ.

ಸಿಂಗಲ್ ಲೈನ್ ಡಯಾಗ್ರಾಂ, ಅಂದರೆ ಕರೆಂಟ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎನ್ನುವ ನಕ್ಷೆ, ಜೊತೆಗಿಡಿ. ಅದರಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಕಾಣಬೇಕು, ಅರ್ತಿಂಗ್ ಕಾಣಬೇಕು. ನೀರು, ಹಾಲು, ಒದ್ದೆ ಕೈ ಇರುವ ಸ್ಟಾಲ್ ಅಲ್ವಾ, ಇದರಲ್ಲಿ ರಾಜಿ ಇಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್‌ನ ಸಹಿ ಬೇಕು, ಲೈಸೆನ್ಸ್ ಅವಧಿ ಮೇಳ ಮುಗಿಯುವವರೆಗೂ ಇರಬೇಕು.

ಅಪಾಯದ ಪಟ್ಟಿ, ಕೆಲಸದ ಕ್ರಮ

ರಿಸ್ಕ್ ಅಸೆಸ್ಮೆಂಟ್, ಮೆಥಡ್ ಸ್ಟೇಟ್ಮೆಂಟ್ ಅಂದರೆ ಹೆದರುವವರೇ ಜಾಸ್ತಿ. ಮೊದಲನೆಯದು ಏನಾಗಬಹುದು, ಯಾರಿಗೆ, ನಾವೇನು ಮಾಡುತ್ತೇವೆ ಎನ್ನುವ ಪಟ್ಟಿ. ಎರಡನೆಯದು ಯಾವ ಕೆಲಸ ಆದ ಮೇಲೆ ಯಾವ ಕೆಲಸ ಎನ್ನುವ ವಿವರ. ಕಾರ್ಪೆಂಟರ್, ವೆಲ್ಡರ್, ಎಲೆಕ್ಟ್ರೀಷಿಯನ್ ಮೂವರನ್ನೂ ಕೂರಿಸಿ ಬರೆಯಿರಿ. ಆಫೀಸಿನಲ್ಲಿ ಒಬ್ಬರೇ ಕೂತು ಬರೆದರೆ ‘ಎಚ್ಚರಿಕೆಯಿಂದ ಕೆಲಸ ಮಾಡುವುದು’ ಎಂಬ ಸಾಲೇ ಹತ್ತು ಸಲ ಬರುತ್ತದೆ. ಅದರಿಂದ ಯಾರಿಗೂ ಉಪಯೋಗವಿಲ್ಲ.

ಹೆಡರ್ ಏರಿಸುವುದನ್ನೇ ತಗೊಳ್ಳಿ. 3.5 ಮೀಟರ್ ಎತ್ತರದಲ್ಲಿ ಒಬ್ಬ ಏಣಿ ಮೇಲೆ, ಇಬ್ಬರು ಕೆಳಗೆ. ಅಪಾಯ ಎರಡು, ಮೇಲಿನವನು ಬೀಳುವುದು, ಹೆಡರ್ ಕೆಳಗಿನವರ ಮೇಲೆ ಬೀಳುವುದು. ಮೊದಲ ಪ್ರಶ್ನೆ, ಎತ್ತರದ ಕೆಲಸವನ್ನೇ ಕಡಿಮೆ ಮಾಡಬಹುದಾ? ಹೆಡರನ್ನು ಎರಡು ತುಂಡು ಮಾಡಿ, ಲೈಟ್, ಅಕ್ಷರ ಎಲ್ಲಾ ನೆಲದಲ್ಲೇ ಜೋಡಿಸಿ, ಮೇಲೆ ಬರೀ ನಾಲ್ಕು ಬೋಲ್ಟ್ ಬಿಗಿಯುವಂತೆ ಮಾಡಬಹುದು. ಆಮೇಲೆ ಏಣಿ ಬದಲು ಗಾಲಿಗೆ ಬ್ರೇಕ್ ಇರುವ, ಸುತ್ತ ಕಂಬಿ ಇರುವ ಮೊಬೈಲ್ ಸ್ಕಾಫೋಲ್ಡ್. ಕೆಳಗೆ ಟೇಪ್ ಕಟ್ಟಿ ಜನರನ್ನು ದೂರ ಇಡುವುದು. ಹೆಲ್ಮೆಟ್ ಮತ್ತು ಬೆಲ್ಟ್ ಕೊನೆಗೆ ಬರುವ ಸಾಲು. ನಮ್ಮಲ್ಲಿ ಅದೊಂದನ್ನೇ ಬರೆದು ಮುಗಿಸುತ್ತಾರೆ.

ಕತ್ತರಿಸುವುದು, ವೆಲ್ಡಿಂಗ್, ಸ್ಪ್ರೇ ಪೇಂಟ್ ಎಲ್ಲವೂ ಹಾಸನದ ವರ್ಕ್‌ಶಾಪ್‌ನಲ್ಲೇ ಮುಗಿಯಲಿ, ಹಾಲ್‌ನಲ್ಲಿ ಬರೀ ಜೋಡಣೆ. ಒಮ್ಮೆ ಅಂಗಳದಲ್ಲೇ ಪೂರ್ತಿ ನಿಲ್ಲಿಸಿ ನೋಡಿ, ಫೋಟೊ ತೆಗೆಯಿರಿ. ಮೆಥಡ್ ಸ್ಟೇಟ್ಮೆಂಟ್‌ನ ಅರ್ಧ ಅಲ್ಲೇ ಸಿಗುತ್ತದೆ: ನೆಲಕ್ಕೆ ಗುರುತು, ಕೇಬಲ್, ಕಾರ್ಪೆಟ್, ಗೋಡೆ, ಹೆಡರ್, ಕರೆಂಟ್, ಕೊನೆಗೆ ಫ್ಲೆಕ್ಸ್. ಕಳಚುವಾಗ ಮೊದಲು ಮೇನ್ ಆಫ್, ಮಿಕ್ಕಿದ್ದು ಕಟ್ಟಿದ್ದರ ಉಲ್ಟಾ ಕ್ರಮದಲ್ಲಿ.

ಆಯೋಜಕರಿಗೆ ಇಂಗ್ಲಿಷ್ ಪ್ರತಿ ಹೋಗಲಿ. ಕೆಲಸದವರಿಗೆ ಒಂದೇ ಪುಟದ ಕನ್ನಡ ಪ್ರತಿ ಕೊಡಿ. ಉತ್ತರದ ಕಡೆಯ ಹುಡುಗರಿದ್ದರೆ ಹಿಂದಿಯಲ್ಲಿ ಓದಿ ಹೇಳಿ, ಸಹಿ ತಗೊಳ್ಳಿ.

ಜನ, ವಿಮೆ, ಲಾರಿ

ಕೆಲಸದವರ ಪಟ್ಟಿ, ಗುರುತಿನ ಚೀಟಿ, ಇಎಸ್‌ಐ ನಂಬರ್ ಒಟ್ಟಿಗಿಡಿ. ಇಎಸ್‌ಐ ವ್ಯಾಪ್ತಿಗೆ ಬಾರದವರಿಗೆ ಎಂಪ್ಲಾಯೀಸ್ ಕಾಂಪೆನ್ಸೇಷನ್ ಪಾಲಿಸಿ ಬೇಕು, ನೋಡಲು ಬಂದವರಿಗೆ ಏನಾದರೂ ಆದರೆ ಪಬ್ಲಿಕ್ ಲಯಬಿಲಿಟಿ ಪಾಲಿಸಿ. ಪಾಲಿಸಿಯಲ್ಲಿ ಕೆಲಸದ ಸ್ಥಳ ಅಂತ ಬರೀ ವರ್ಕ್‌ಶಾಪ್ ವಿಳಾಸ ಇದೆಯಾ ನೋಡಿ. ಇದ್ದರೆ ಮೇಳದ ಜಾಗವನ್ನೂ ಸೇರಿಸಿಕೊಳ್ಳಿ. ‘ಎಲ್ಲಾ ಕವರ್ ಆಗುತ್ತೆ ಸಾರ್’ ಎಂಬ ಏಜೆಂಟರ ಮಾತಿಗೆ ಕಾಗದದ ಬೆಲೆ ಇಲ್ಲ. 18 ತುಂಬದ ಹುಡುಗರನ್ನು ಕರೆದುಕೊಂಡು ಹೋಗಲೇಬೇಡಿ. ಕಾಫಿ ಕುಡಿಸುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಕಾಗದವೂ ಬೇಕು. ಚಿಕ್ಕಮಗಳೂರು ಅರೇಬಿಕಾಕ್ಕೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಆದರೆ ಆ ಲೋಗೊ ಹೆಡರ್ ಮೇಲೆ ಹಾಕಲು ಪ್ಲಾಂಟರ್ ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಿರಬೇಕು.

ಸಾಮಾನಿನ ಬೆಲೆ ₹50,000 ದಾಟಿದರೆ ಡೆಲಿವರಿ ಚಲನ್ ಜೊತೆ ಇ-ವೇ ಬಿಲ್ (ಜಿಎಸ್‌ಟಿಯ ಸಾಗಣೆ ಚೀಟಿ) ಬೇಕು. 200 ಕಿಲೋಮೀಟರ್‌ವರೆಗೆ ಒಂದು ದಿನದ ಅವಧಿ. ಮಾದಾವರದ ಬಿಐಇಸಿ (ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ) ಮೇಳವಾದರೆ ನಮ್ಮ ಕಡೆಯವರಿಗೆ ಒಂದು ಅನುಕೂಲ, ಲಾರಿ ನೆಲಮಂಗಲದ ಕಡೆಯಿಂದಲೇ ಅಲ್ಲಿಗೆ ತಲುಪುತ್ತದೆ, ಬೆಂಗಳೂರಿನ ಒಳಗೆ ಹೋಗಬೇಕಿಲ್ಲ. ಮಾದಾವರದವರೆಗೆ ಮೆಟ್ರೊ ಬಂದ ಮೇಲೆ ಹುಡುಗರು ಊಟ, ರೂಮು ಅಂತ ಓಡಾಡುವುದೂ ಸುಲಭವಾಗಿದೆ.

ವಿದೇಶಿ ಮೇಳಕ್ಕೆ ಹೋಗುವವರಿಗೆ ಎರಡು ಮಾತು. ಬ್ರಿಟನ್ನಿನಲ್ಲಿ ಸ್ಟಾಲ್ ಕಟ್ಟುವುದನ್ನು ನಿರ್ಮಾಣ ಕೆಲಸ ಎಂದೇ ಎಣಿಸುತ್ತಾರೆ. ಅಲ್ಲಿನ ನಿರ್ಮಾಣ ಸುರಕ್ಷತೆಯ 2015ರ ಸಿಡಿಎಂ ನಿಯಮದಂತೆ ಕನ್ಸ್ಟ್ರಕ್ಷನ್ ಫೇಸ್ ಪ್ಲಾನ್ (ಕಟ್ಟುವ ಹಂತದ ಸುರಕ್ಷತಾ ಯೋಜನೆ) ಬೇಕು. ಜರ್ಮನಿಯಲ್ಲಿ ಬಟ್ಟೆ, ಹಲಗೆಗೆ ಬಿ1 ದರ್ಜೆಯ (ಸುಲಭವಾಗಿ ಹೊತ್ತಿಕೊಳ್ಳದ) ಪತ್ರ ಕೇಳುತ್ತಾರೆ. ನಮ್ಮ ಐಎಸ್ ಪತ್ರ ಅಲ್ಲಿ ನಡೆಯುತ್ತದೆ ಅಂತ ನಂಬಿ ಹೋಗಬೇಡಿ.

ಊರಲ್ಲೇ ಮೇಳವಾದರೆ

ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಮೈದಾನದ ಮೇಳವಾದರೆ ಶಾಮಿಯಾನವೇ ಹಾಲ್. ಪಂದಾಲ್‌ಗಳಿಗೆ ಐಎಸ್ 8758 ಎಂಬ ಪ್ರತ್ಯೇಕ ಮಾನಕ ಇದೆ. ಸಿಂಥೆಟಿಕ್ ಬಟ್ಟೆ, ಸಿಂಥೆಟಿಕ್ ಹಗ್ಗ ಬೇಡ, ಸುತ್ತ ಖಾಲಿ ಜಾಗ ಬಿಡಿ ಎನ್ನುತ್ತದೆ ಅದು. ಸ್ಥಳೀಯ ಸಂಸ್ಥೆ, ಪೊಲೀಸ್, ಅಗ್ನಿಶಾಮಕ ಇಲಾಖೆಯ ಅನುಮತಿ ಆಯೋಜಕರು ತರಬೇಕು. ತಾತ್ಕಾಲಿಕ ಕರೆಂಟ್‌ಗೆ ಹಾಸನದಲ್ಲಿ ಚೆಸ್ಕಾಂ, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ. ಆಯೋಜಕರ ಹತ್ತಿರ ಈ ಅನುಮತಿಗಳ ಪ್ರತಿ ಕೇಳಿ ನಿಮ್ಮ ಫೈಲ್‌ಗೂ ಹಾಕಿಕೊಳ್ಳಿ. ಕೊಡಲು ಮೀನಮೇಷ ಎಣಿಸಿದರೆ ಅನುಮತಿ ಇಲ್ಲ ಎಂದೇ ತಿಳಿಯಿರಿ. ಮಲೆನಾಡಿನ ಮಳೆಗಾಳಿಗೆ ಹೆಡರ್ ಹಾಯಿಯಂತೆ ಉಬ್ಬುತ್ತದೆ, ಒಳಾಂಗಣಕ್ಕೆ ಕೊಟ್ಟ ಸ್ಟೆಬಿಲಿಟಿ ಸರ್ಟಿಫಿಕೇಟ್ ಇಲ್ಲಿಗೆ ಬಳಸಬೇಡಿ.

ಎಲ್ಲಾ ಕಾಗದದ ಎರಡು ಸೆಟ್ ಮಾಡಿ. ಒಂದು ಸ್ಟಾಲ್‌ನ ಕೌಂಟರ್ ಒಳಗೆ, ಇನ್ನೊಂದು ಸೂಪರ್‌ವೈಸರ್ ಮೊಬೈಲ್‌ನಲ್ಲಿ. ಮೇಲಿನ ಪುಟದಲ್ಲಿ ತುರ್ತು ನಂಬರ್: 112, ಬೆಂಕಿಗೆ 101, ಆಂಬುಲೆನ್ಸ್‌ಗೆ 108. ಕಳಚಿದ ಮೇಲೆ ಖಾಲಿ ಜಾಗದ ಫೋಟೊ ತೆಗೆದು, ಹಾಲ್‌ನವರಿಂದ ಡೆಪಾಸಿಟ್ ಕ್ಲಿಯರೆನ್ಸ್‌ಗೆ ಸಹಿ ಹಾಕಿಸಿಕೊಳ್ಳಿ, ಲಾರಿ ಗೇಟ್ ದಾಟುವ ಮೊದಲೇ.