ಚಾಲೆಂಜ್ ಕಂಡಲ್ಲೆಲ್ಲ ಸವಾಲು ಬರೆಯುವುದನ್ನು ಬಿಟ್ಟೆ: ನನ್ನ ಅನುಭವ

ಇಂಗ್ಲಿಷಿನ ಚಾಲೆಂಜ್‌ಗೆ ಕಣ್ಣು ಮುಚ್ಚಿ ಸವಾಲು ಎಂದು ಬರೆಯುವುದನ್ನು ಬಿಟ್ಟು ಸುಮಾರು ಎರಡು ವರ್ಷವಾಯಿತು. ಬಿಡುತ್ತೇನೆ ಎಂದಾಗ ಜೊತೆಯ ಅನುವಾದಕರು ಒಪ್ಪಲಿಲ್ಲ. "ಎಲ್ಲರಿಗೂ ಗೊತ್ತಿರೋ ಪದ ಇದೆಯಲ್ಲ, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ತೀರಿ?" ಎಂದರು. ಮೊನ್ನೆ ಮುಗಿಸಿದ ದೊಡ್ಡ ಕೆಲಸದಲ್ಲಿ ಆ ಪದ ಹೆಚ್ಚುಕಡಿಮೆ 140 ಸಲ ಬಂದಿತ್ತು. ನಾನು ಸವಾಲು ಎಂದು ಬರೆದದ್ದು 30 ಕಡೆ ಇರಬಹುದು. ತಿದ್ದುವವರು ಒಂದನ್ನೂ ಮುಟ್ಟಲಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಹೇಳುತ್ತಿದ್ದೇನೆ.

ಮೊದಲ ಪೆಟ್ಟು ಬಿದ್ದದ್ದು ಒಂದು ಲಸಿಕೆಯ ವರದಿಯಲ್ಲಿ. "ಮೂರು ವಾರದ ನಂತರ ಇಲಿಗಳಿಗೆ ಸವಾಲು ಒಡ್ಡಲಾಯಿತು" ಎಂದು ಬರೆದು ಕಳಿಸಿದ್ದೆ. ಅಲ್ಲಿ ನಡೆದದ್ದೇ ಬೇರೆ. ಲಸಿಕೆ ಕೊಟ್ಟ ಇಲಿಗಳಿಗೆ ಬೇಕೆಂದೇ ರೋಗಾಣು ಸೋಕಿಸಿ, ಲಸಿಕೆ ತಡೆಯುತ್ತದೋ ಇಲ್ಲವೋ ಎಂದು ನೋಡಿದ್ದರು. ಆ ಕ್ಷೇತ್ರದಲ್ಲಿ ಅದನ್ನೇ ಚಾಲೆಂಜ್ ಎನ್ನುತ್ತಾರೆ. ಇಡೀ ಕಡತ ವಾಪಸ್ ಬಂತು. ತಿದ್ದಲು ನಾಲ್ಕು ದಿನ ಹೋಯಿತು, ಬರಬೇಕಾದ ಹಣದಲ್ಲಿ ಅರ್ಧ ಹೋಯಿತು. ಆಮೇಲೆ ಆ ಕೆಲಸ ಕೊಟ್ಟವರಿಂದ ಆರೇಳು ತಿಂಗಳು ಬೇರೆ ಕೆಲಸವೇ ಬರಲಿಲ್ಲ. ಅರ್ಧ ಹಣಕ್ಕಿಂತ ಆ ನಷ್ಟವೇ ಜಾಸ್ತಿ.

ಆಗ ಒಂದು ಪಟ್ಟಿ ಮಾಡಿದೆ. ಹನ್ನೊಂದು ಅರ್ಥ, ಹನ್ನೊಂದು ಕನ್ನಡ ಪದ. ಕ್ರೀಡೆಗೆ ಇದು, ಕೋರ್ಟಿಗೆ ಇದು, ವೈದ್ಯಕ್ಕೆ ಇದು ಎಂದು ವಿಷಯದ ಮೇಲೆ ಹಂಚಿಟ್ಟೆ. ಅನುವಾದದ ಸಾಫ್ಟ್‌ವೇರಿಗೂ ತುಂಬಿಸಿದೆ. ಅದೂ ಕೈಕೊಟ್ಟಿತು. ಒಂದು ಕಾನೂನು ಲೇಖನದಲ್ಲಿ ಒಂದೇ ಪುಟದಲ್ಲಿ ಎರಡು ಚಾಲೆಂಜ್ ಇದ್ದವು. ಒಂದು, ಕಾಯ್ದೆಯನ್ನು ಕೋರ್ಟಿನಲ್ಲಿ ಪ್ರಶ್ನಿಸುವುದು. ಇನ್ನೊಂದು, ಜ್ಯೂರಿಗೆ, ಅಂದರೆ ಮೊಕದ್ದಮೆಯಲ್ಲಿ ತೀರ್ಪು ಹೇಳಲು ಕೂರಿಸುವ ಸಾಮಾನ್ಯ ಜನರ ಗುಂಪಿಗೆ, ಬಂದ ವ್ಯಕ್ತಿಯನ್ನು ವಕೀಲರು ಬೇಡ ಎನ್ನುವುದು. ಇದರಲ್ಲೂ ಎರಡು ಬಗೆ: ಕಾರಣ ಕೊಟ್ಟು ಬೇಡ ಎನ್ನುವುದು, ಕಾರಣವನ್ನೇ ಕೊಡದೆ ಬೇಡ ಎನ್ನುವುದು. ಸಾಫ್ಟ್‌ವೇರ್ ಎಲ್ಲ ಕಡೆ ಪ್ರಶ್ನಿಸು ಎಂದೇ ತುಂಬಿತು. ಬೇಡ ಎಂದು ಎಬ್ಬಿಸಿ ಕಳಿಸುವಲ್ಲಿ ಪ್ರಶ್ನೆ ಎಲ್ಲಿದೆ? ಅವತ್ತೇ ಪಟ್ಟಿ ಅಳಿಸಿದೆ.

ದಾರಿ ಸಿಕ್ಕಿದ್ದು ಕಂಪ್ಯೂಟರ್ ಭದ್ರತೆಯ ಒಂದು ಕೈಪಿಡಿಯಲ್ಲಿ. ಅಲ್ಲಿ ಚಾಲೆಂಜ್-ರೆಸ್ಪಾನ್ಸ್ ಎಂಬ ಜೋಡಿ ಇದೆ. ಸರ್ವರ್ ಒಂದು ಹೊಸ ಸಂಖ್ಯೆ ಕಳಿಸುತ್ತದೆ. ಈ ಕಡೆಯವರು ತಮ್ಮ ಗುಟ್ಟಿನ ಕೀಲಿ ಬಳಸಿ ಅದಕ್ಕೆ ಸರಿಯಾದ ಉತ್ತರ ಕಳಿಸಬೇಕು. ಕೀಲಿಯನ್ನು ಮಾತ್ರ ಕಳಿಸುವುದಿಲ್ಲ. ಓದುತ್ತಿದ್ದಂತೆ ಹೊಳೆಯಿತು: ಚಾಲೆಂಜ್ ಯಾವ ವಿಷಯದಲ್ಲಿ ಬಂತು ಎಂದು ನೋಡಬಾರದು, ಅದು ಎಂಥ ಉತ್ತರ ಬೇಡುತ್ತದೆ ಎಂದು ನೋಡಬೇಕು.

ಅವತ್ತಿನಿಂದ ಹಾಗೇ ಮಾಡುತ್ತಿದ್ದೇನೆ. ಎದುರಿನವನು ಕಾದಾಟಕ್ಕೆ ಇಳಿಯಬೇಕಾದರೆ ಪಂಥ, ಇಲ್ಲವೇ ಸವಾಲು. ಕಾವಲುಗಾರ ಚಾಲೆಂಜ್ ಮಾಡಿದರೆ ಅವನಿಗೆ ಬೇಕಾದ್ದು ಹೆಸರು ಅಥವಾ ಗುರುತಿನ ಮಾತು, ಹಾಗಾಗಿ "ಯಾರದು ಎಂದು ತಡೆದು ಕೇಳಿದ". ಮಾತಿಗೆ ಪುರಾವೆ ಬೇಕಾದರೆ "ಅದು ಹೇಗೆ ಎಂದು ಕೇಳಿದ". ಜ್ಯೂರಿಯವರು ಏಳಬೇಕಾದರೆ "ಇವರು ಬೇಡ ಎಂದು ಆಕ್ಷೇಪಿಸಿದರು". ದೇಹ ಉತ್ತರ ಕೊಡಬೇಕಾದರೆ "ರೋಗಾಣು ಸೋಕಿಸಿ ಪರೀಕ್ಷಿಸಿದರು". ಟೆನಿಸ್‌ನಲ್ಲಿ 2006ರಲ್ಲಿ ಶುರುವಾಗಿ ಬಹಳ ವರ್ಷ ನಡೆದ, ಚೆಂಡು ಗೆರೆಯ ಒಳಗೋ ಹೊರಗೋ ಎಂಬ ತೀರ್ಪನ್ನು ಆಟಗಾರರು ಒಪ್ಪದೆ ಮಾಡುತ್ತಿದ್ದ ಚಾಲೆಂಜ್‌ಗೆ ಉತ್ತರ ಕೊಡುತ್ತಿದ್ದುದು ಕ್ಯಾಮೆರಾ, ಅಲ್ವಾ? ಅಲ್ಲಿ "ಮರುಪರಿಶೀಲನೆ ಕೇಳಿದರು" ಎಂದರೆ ಸಾಕು. ಗಮನಿಸಿ, ಇವುಗಳಲ್ಲಿ ಹೆಚ್ಚಿನವು ಒಂಟಿ ಪದಗಳಲ್ಲ. ಕನ್ನಡದಲ್ಲಿ ಈ ಕೆಲಸ ಮಾಡುವುದು ಕ್ರಿಯಾಪದ.

ಕಂಪನಿಗಳ ವರದಿಯ ಚಾಲೆಂಜ್ ಮಾತ್ರ ಬೇರೆ ಜಾತಿ. ಅಲ್ಲಿ ಎಷ್ಟೋ ಸಲ ಅದು ತೊಂದರೆ ಎಂಬ ಮಾತನ್ನು ಮುಚ್ಚಲು ಬರುತ್ತದೆ. ನಾನು ತೊಡಕು, ಕಷ್ಟ ಎಂದು ನೇರವಾಗಿ ಬರೆಯುತ್ತೇನೆ. ಒಮ್ಮೆ ಹತ್ತು ಪುಟದ ವರದಿಯಲ್ಲಿ ಆ ಪದವನ್ನೇ ಕಿತ್ತುಹಾಕಿ ನೋಡಿದೆ. ಇಪ್ಪತ್ತರಲ್ಲಿ ಹನ್ನೆರಡು ವಾಕ್ಯಕ್ಕೆ ಏನೂ ಆಗಲಿಲ್ಲ.

ಈ ಗುಂಗಿನಲ್ಲೇ ಪದಗಳ ಬೇರು ಹುಡುಕುತ್ತಾ ಒಂದು ವಾರ ಕಳೆದೆ. ಚಾಲೆಂಜ್‌ನ ಮೂಲ ಲ್ಯಾಟಿನ್‌ನ ಕಲುಮ್ನಿಯಾ, ಅಂದರೆ ಸುಳ್ಳು ಆರೋಪ. ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗಲೂ ಅದಕ್ಕೆ ಆರೋಪ ಎಂಬ ಅರ್ಥವಿತ್ತು. ನಮ್ಮ ಸವಾಲು ಅರಬ್ಬಿಯಿಂದ ಬಂದದ್ದು, ಅಲ್ಲಿ ಅದರ ಅರ್ಥ ಪ್ರಶ್ನೆ. ಪಾಟೀಸವಾಲಿನಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಆರೋಪವಾಗಲಿ, ಪ್ರಶ್ನೆಯಾಗಲಿ, ಎರಡೂ ಉತ್ತರ ಬೇಡುತ್ತವೆ. ಇದನ್ನು ಕಂಡಾಗ ಆದ ಖುಷಿಗೆ ಆ ವಾರದ ಸಂಪಾದನೆ ಹೋದದ್ದು ಲೆಕ್ಕಕ್ಕೇ ಬರಲಿಲ್ಲ.

ಹೆಸರುಗಳನ್ನು ಮುಟ್ಟಬೇಡಿ. ಸಮುದ್ರದ ಅತಿ ಆಳದ ಜಾಗ ಚಾಲೆಂಜರ್ ಡೀಪ್ ಹೆಸರು ಪಡೆದದ್ದು ಚಾಲೆಂಜರ್ ಎಂಬ ಹಡಗಿನಿಂದ. ತಲೆಗೆ ಐಸ್ ನೀರು ಸುರಿದುಕೊಳ್ಳುವ 2014ರ ಐಸ್ ಬಕೆಟ್ ಚಾಲೆಂಜ್ ಕೂಡ ಹಾಗೇ ಇರಲಿ. ಚಾಲೆಂಜಿಂಗ್ ಎಂಬ ವಿಶೇಷಣಕ್ಕೆ ನನ್ನದೇ ಒಂದು ಪರೀಕ್ಷೆ ಇದೆ. ಅದೇ ನನಗೆ ಹೆಚ್ಚು ಕೆಲಸ ತರುತ್ತಿರುವುದು, ಹಾಗಾಗಿ ಇಲ್ಲಿ ಬಿಚ್ಚಿಡುವುದಿಲ್ಲ.

ಅರ್ಧ ಹಣ ಕಡಿದವರೇ ಈಗ ಲಸಿಕೆಯ ಕಡತಗಳನ್ನು ನನಗೇ ಕಳಿಸುತ್ತಾರೆ. ಸದ್ಯ ಇದೇ ಉಪಾಯವನ್ನು ಇಶ್ಯೂ ಎಂಬ ಪದದ ಮೇಲೆ ಹಾಕಿ ನೋಡುತ್ತಿದ್ದೇನೆ. ಐವತ್ತು ವಾಕ್ಯ ಆಗಿದೆ, ಇನ್ನೂ ಹಿಡಿತಕ್ಕೆ ಬಂದಿಲ್ಲ.